ಬನ್ನಿನ ಉಂಡೆ, ಹತ್ತು ಮಿಲಿಗ್ರಾಂ ಮಾತ್ರೆ

ಬೇಕರಿಯವರಿಗೆ ಬೆಳಿಗ್ಗೆ ಅಂದರೆ ಮೂರೂವರೆ ಗಂಟೆ. ಹಾಸನದಲ್ಲಿ ಅಪ್ಪ ಅಂಗಡಿ ಇಟ್ಟಾಗ ನನಗೆ ನಾಲ್ಕು ವರ್ಷ. ಹಿಟ್ಟು ಕಲೆಸೋಕೆ ಈಗ ಮೆಷಿನ್ ಇದೆ. ಆದರೆ ಬನ್ನಿನ ಉಂಡೆ ಕಟ್ಟುವುದು ಇವತ್ತಿಗೂ ಕೈಯಲ್ಲೇ. ಎರಡೂ ಕೈಯಲ್ಲಿ ಒಂದೊಂದು ಉಂಡೆ ಹಿಡಿದು ಹಲಗೆ ಮೇಲೆ ಗುಂಡಗೆ ತಿರುಗಿಸಬೇಕು. ಮಾಮೂಲಿ ದಿನ ಏಳುನೂರು. ಹಬ್ಬದಲ್ಲಿ ಸಾವಿರದ ಮೇಲೆ.

ನನಗೆ 26 ವರ್ಷ ಆಗಿದ್ದಾಗ, ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಕೈ ಮುಷ್ಟಿ ಕಟ್ಟಲಿಲ್ಲ. ಬೆರಳಿನ ಬುಡದ ಗಂಟುಗಳು ಊದಿದ್ದವು. ಎಡಗೈ ಬಲಗೈ ಎರಡರಲ್ಲೂ ಒಂದೇ ಥರ. ಹಾಸಿಗೆಯಿಂದ ಕೆಳಗೆ ಕಾಲಿಟ್ಟರೆ ಪಾದದಡಿ ಜಲ್ಲಿಕಲ್ಲು ಹಾಸಿದ ಹಾಗೆ. ಮಳೆಗಾಲದ ಚಳಿ ಇರಬೇಕು ಅಂದುಕೊಂಡೆ. ಭಟ್ಟಿ ಬಾಯಿಗೆ ಕೈ ಹಿಡಿದು ಕೂತರೆ ಸ್ವಲ್ಪ ಸಡಿಲ ಆಗುತ್ತಿತ್ತು. ಒಂಬತ್ತು ಗಂಟೆ ಹೊತ್ತಿಗೆ ಕೈ ಮತ್ತೆ ನನ್ನದಾಗುತ್ತಿತ್ತು. ಕಷ್ಟ ಶುರುವಾಗಿದ್ದೇ ಇದರಿಂದ. ಬೇಕರಿಯಲ್ಲಿ ಕೈಕೆಲಸ ಮುಗಿಯೋದೂ ಒಂಬತ್ತಕ್ಕೇ.

"ಕೆಲ್ಸ ಇರೋವಾಗ ನೋವು, ಕೆಲ್ಸ ಮುಗಿದ್ರೆ ಸರಿಹೋಯ್ತದೆ. ಇದ್ಯಾವ ನೋವ್ಲಾ?" ಅಂದರು ಅಪ್ಪ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಬೆಳಿಗ್ಗೆ ಎದ್ದಾಗ ಒಂದು ಗಂಟೆಗಿಂತ ಜಾಸ್ತಿ ಕೀಲು ಬಿಗಿಯೋದು, ಓಡಾಡಿದರೆ ಸಡಿಲ ಆಗೋದು, ಇದು ಉರಿಯೂತದ ಕೀಲುನೋವಿನ ಗುರುತು ಅಂತ ನಮಗೆ ಯಾರು ಹೇಳಬೇಕಿತ್ತು?

ಅಷ್ಟರಲ್ಲಿ ಹಾಸನಾಂಬೆ ಬಂದಳು. ಆ ಗುಡಿಯ ಬಾಗಿಲು ತೆಗೆಯೋದು ವರ್ಷಕ್ಕೊಮ್ಮೆ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆಗೆದರೆ ಬಲಿಪಾಡ್ಯಮಿ ಆದಮೇಲೆ ಮುಚ್ಚುತ್ತಾರೆ. ಅಷ್ಟು ದಿನ ಊರು ಮಲಗುವುದಿಲ್ಲ. ರಾತ್ರಿಯೆಲ್ಲ ಕ್ಯೂ ನಿಂತವರಿಗೆ ಬನ್ನು, ಖಾರ ಬನ್ನು, ರಸ್ಕು, ದಿಲ್‌ಪಸಂದ್ ಎಲ್ಲಾ ಬೇಕು. ನಮ್ಮ ವರ್ಷದ ಬಾಡಿಗೆ ಹುಟ್ಟೋದು ಆ ಹತ್ತು ಹನ್ನೆರಡು ದಿನದಲ್ಲಿ. ನನ್ನ ಕೈ ನೋಡಿ ನಮ್ಮ ಭಟ್ಟಿ ಕೆಲಸದ ಹುಡುಗ ಒಂದು ಪೇಪರ್ ಪೊಟ್ಟಣ ತಂದುಕೊಟ್ಟ. ಅವರೂರಿನ ಹತ್ತಿರ ಒಬ್ಬರು ಕೊಡ್ತಾರಂತೆ, ಮೂಟೆ ಹೊರುವವರೆಲ್ಲ ಅದನ್ನೇ ತಗೊಳ್ಳೋದಂತೆ. ಒಳಗೆ ಮೂರು ದಿನಕ್ಕಾಗುವಷ್ಟು ಮಾತ್ರೆ. ಹೆಸರಿಲ್ಲ, ಸ್ಟ್ರಿಪ್ ಇಲ್ಲ. ಒಂದು ಹಳದಿ, ಎರಡು ಬಿಳಿ. ಬಿಳಿಯವು ಸಾಸಿವೆಗಿಂತ ಸ್ವಲ್ಪ ದೊಡ್ಡವು ಅಷ್ಟೇ.

ಮಾರನೇ ದಿನ ಮೂರೂವರೆಗೆ ಎದ್ದು ಮುಷ್ಟಿ ಕಟ್ಟಿದೆ. ಕಟ್ಟಿತು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಹಬ್ಬ ಮುಗಿಯೋವರೆಗೂ ಪೊಟ್ಟಣ. ಆಮೇಲೆ ಬಿಟ್ಟೆ. ನಾಲ್ಕೇ ದಿನಕ್ಕೆ ನೋವು ಬಡ್ಡಿ ಸಮೇತ ವಾಪಸ್ ಬಂತು. ಕ್ರಿಸ್‌ಮಸ್ ಕೇಕಿನ ಸೀಸನ್ನಿಗೆ ಮತ್ತೆ ಪೊಟ್ಟಣ. ಸಂಕ್ರಾಂತಿ ಹೊತ್ತಿಗೆ ಶರ್ಟಿನ ಗುಂಡಿಯನ್ನು ಅಮ್ಮ ಹಾಕಿಕೊಡುವ ಹಾಗಾಯಿತು. ಆವತ್ತು ಅಪ್ಪ ಏನೂ ಹೇಳಲಿಲ್ಲ. ಗಲ್ಲಾದಿಂದ ದುಡ್ಡು ತೆಗೆದು ಜೇಬಿಗಿಟ್ಟುಕೊಂಡು "ನಡಿ" ಅಂದರು.

ಹಾಸನದ ಫಿಸಿಷಿಯನ್ ಒಬ್ಬರು ರಕ್ತ ಪರೀಕ್ಷೆ ಮಾಡಿಸಿದರು. ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸೋ ಇಎಸ್‌ಆರ್ 64. ಅದನ್ನೇ ತೋರಿಸೋ ಸಿಆರ್‌ಪಿ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು. ಈ ಕಾಯಿಲೆಯ ಸುಳಿವು ಕೊಡೋ ಆರ್‌ಎ ಫ್ಯಾಕ್ಟರ್ ಪಾಸಿಟಿವ್. ಆಂಟಿ ಸಿಸಿಪಿ ಅಂತ ಇನ್ನೊಂದು, ಅದೂ ಪಾಸಿಟಿವ್. "ರುಮಟಾಯ್ಡ್ ಆರ್ಥ್ರೈಟಿಸ್. ಮೈಯ ರಕ್ಷಣಾ ವ್ಯವಸ್ಥೆ ತನ್ನ ಕೀಲುಗಳ ಮೇಲೇ ತಿರುಗಿಬೀಳೋ ಕಾಯಿಲೆ. ಹೆಂಗಸರಲ್ಲಿ ಜಾಸ್ತಿ, ಆದ್ರೆ ಗಂಡಸರಿಗೂ ಬರುತ್ತೆ. ಇದಕ್ಕೇ ಅಂತ ಇರೋ ಡಾಕ್ಟರನ್ನ ನೋಡಿ, ತಡ ಮಾಡಬೇಡಿ" ಅಂತ ಬೆಂಗಳೂರಿಗೆ ಚೀಟಿ ಬರೆದರು. ಅಜ್ಜಿ ಅಂದಿದ್ದು ಒಂದೇ ಮಾತು. "ಮುದುಕ್ರ ಕಾಯ್ಲೆ ನಿಂಗ್ಯಾಕಪ್ಪಾ ಬಂತು?" ಅವರಿಗೆ ಎಂಬತ್ತು ದಾಟಿದೆ. ಮುಷ್ಟಿ ನನಗಿಂತ ಬಿಗಿ.

ಬೆಂಗಳೂರಿನ ರುಮಟಾಲಜಿ ಡಾಕ್ಟರ್ ನನ್ನ ಒಂದೊಂದು ಬೆರಳಿನ ಗಂಟನ್ನೂ ಒತ್ತಿ ನೋಡಿದರು. ಊದಿದ್ದು ಎಷ್ಟು, ಒತ್ತಿದರೆ ನೋಯುವುದು ಎಷ್ಟು ಅಂತ ಎಣಿಸಿ ಬರೆದುಕೊಂಡರು. ಆಮೇಲೆ ತಲೆ ಎತ್ತದೆ ಕೇಳಿದರು. "ಪೊಟ್ಟಣದ ಮಾತ್ರೆ ಎಷ್ಟು ದಿನ ತಗೊಂಡ್ರಿ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಮುಖ ನೋಡಿದರು.

ಎಲ್ಲಾ ಹೇಳಿದೆ. ಒಟ್ಟು ಲೆಕ್ಕ ಹಾಕಿದರೆ ಬಿಟ್ಟು ಬಿಟ್ಟು ಇಪ್ಪತ್ತೈದು ದಿನ. ಮೇಡಂ ಬೈಯಲಿಲ್ಲ. "ಒಂದೇ ರಾತ್ರೀಲಿ ಮುಷ್ಟಿ ಬಿಚ್ಚಿತು ಅಂದ್ರೆ ಅದರಲ್ಲಿ ಸ್ಟೀರಾಯ್ಡ್ ಇದ್ದಿರಬೇಕು. ಆ ಚಿಕ್ಕ ಬಿಳಿ ಮಾತ್ರೆ ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್. ನೋಡೋಕೆ ಚಿಕ್ಕದು. ಮುಕ್ಕಾಲು ಮಿಲಿಗ್ರಾಂ ಡೆಕ್ಸಾ ಅಂದ್ರೆ ನಾನು ಬರೆಯೋ ಸ್ಟೀರಾಯ್ಡ್ ಪ್ರೆಡ್ನಿಸೋಲೋನ್ 5 ಮಿಲಿಗ್ರಾಂಗೆ ಸಮ. ದಿನಾ ತಿಂದು ತಿಂಗಳುಗಟ್ಟಲೆ ಆದಮೇಲೆ ಬಂದು, ನಿಲ್ಲಿಸಿದ ಕೂಡಲೇ ಕುಸಿದು ಬೀಳೋರನ್ನ ನೋಡಿದೀನಿ. ನೀವು ಅಷ್ಟು ದೂರ ಹೋಗಿಲ್ಲ, ಪುಣ್ಯ."

ಎಡವಟ್ಟು ನೋಡಿ. ಸ್ಟೀರಾಯ್ಡ್ ಬರೆದರೆ ಬೇಡ ಅನ್ನಬೇಕು ಅಂತ ಮನೆಯಲ್ಲಿ ತೀರ್ಮಾನ ಮಾಡಿಕೊಂಡೇ ರೈಲು ಹತ್ತಿದ್ದೆವು. ನಮ್ಮ ದೊಡ್ಡಮ್ಮ ಉಬ್ಬಸಕ್ಕೆ ಅಂತ ಅಂಗಡಿಯಲ್ಲಿ ಕೇಳಿ ಕೇಳಿ ಸ್ಟೀರಾಯ್ಡ್ ಮಾತ್ರೆ ನುಂಗಿದವರು. ಮುಖ ತಟ್ಟೆಯಷ್ಟು ಅಗಲ ಆಯಿತು. ಕೊನೆಗೆ ತೊಡೆ ಮೂಳೆಯ ತಲೆಗೆ ರಕ್ತ ಹೋಗದೆ ಅದು ಸವೆದು, ಸೊಂಟದ ಕೀಲನ್ನೇ ಬದಲಾಯಿಸಬೇಕಾಯಿತು. ಇನ್ನು 2021ರಲ್ಲಿ ಕೋವಿಡ್ಡಿಗೆ ಸ್ಟೀರಾಯ್ಡ್ ತಗೊಂಡ ಸಕ್ಕರೆ ಕಾಯಿಲೆಯವರಿಗೆ ಬ್ಲ್ಯಾಕ್ ಫಂಗಸ್ ಬಂದ ಸುದ್ದಿಯನ್ನು ಟಿವಿಯಲ್ಲಿ ನೋಡಿ ನೋಡಿ, ಅಮ್ಮನಿಗೆ ಆ ಹೆಸರು ಕೇಳಿದರೇ ಕೈ ನಡುಗುತ್ತೆ. ಅಪ್ಪನದು ಬೇರೆ ಅನುಮಾನ. "ಮೇಡಂ, ಅದು ಜಿಮ್ ಹುಡುಗ್ರು ಚುಚ್ಕೊಳ್ಳೋದಲ್ವಾ?" ಮೇಡಂ ನಕ್ಕರು. ಅದು ಮಾಂಸಖಂಡ ಬೆಳೆಸೋ ಸ್ಟೀರಾಯ್ಡ್, ಇದು ಬೇರೆ, ಮೂತ್ರಪಿಂಡದ ತಲೆ ಮೇಲೆ ಟೋಪಿ ಥರ ಇರೋ ಗ್ರಂಥಿ ದಿನಾ ಮೈಯೊಳಗೇ ತಯಾರಿಸೋ ಕಾರ್ಟಿಸಾಲ್ ಇದೆಯಲ್ಲ, ಅದರ ಜಾತಿ ಅಂದರು.

ಅವರು ಹೇಳಿದ್ದರಲ್ಲಿ ನನಗೆ ನೆನಪಿರೋದಿಷ್ಟು. ಕಾಯಿಲೆಯನ್ನೇ ಬುಡದಲ್ಲಿ ಹಿಡಿದು ನಿಲ್ಲಿಸೋ ನಿಜವಾದ ಔಷಧಿ ಮೆಥೋಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಅದು ಪೂರ್ತಿ ಕೆಲಸ ತೋರಿಸೋಕೆ 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ಕೀಲಿನೊಳಗಿನ ಉರಿ ಸುಮ್ಮನಿರೋದಿಲ್ಲ. ಮೂಳೆ ಕೊರೆಯೋದು ಮೊದಲ ಒಂದೆರಡು ವರ್ಷದಲ್ಲೇ ಜಾಸ್ತಿ, ಕೊರೆದ ಮೂಳೆ ಮತ್ತೆ ತುಂಬಿಕೊಳ್ಳಲ್ಲ. ಆ ಮಧ್ಯದ ವಾರಗಳಿಗೆ ಸೇತುವೆ ಥರ ಕಡಿಮೆ ಸ್ಟೀರಾಯ್ಡ್ ಕೊಡಬಹುದು, ಕೊಡದೆಯೂ ಇರಬಹುದು. "ಇದರಲ್ಲಿ ನಮ್ಮ ನಮ್ಮಲ್ಲೇ ಒಮ್ಮತ ಇಲ್ಲ. 2021ರ ಅಮೆರಿಕದ ಮಾರ್ಗಸೂಚಿ ಸಾಧ್ಯವಾದಷ್ಟೂ ಸ್ಟೀರಾಯ್ಡ್ ಬೇಡ ಅನ್ನುತ್ತೆ. 2022ರ ಯುರೋಪಿನದು ಸ್ವಲ್ಪ ದಿನಕ್ಕೆ ಕೊಡಿ, ಆದಷ್ಟು ಮೂರು ತಿಂಗಳೊಳಗೆ ನಿಲ್ಲಿಸಿ ಅನ್ನುತ್ತೆ. ನಿಮ್ಮ ಕೈ ನೋಡಿದ್ರೆ ನಾನು ಕೊಡೋ ಕಡೆ. ಆದ್ರೆ ಇವತ್ತೇ ಹೇಳಬೇಕು ಅಂತಿಲ್ಲ. ಮೆಥೋಟ್ರೆಕ್ಸೇಟ್ ಶುರು ಮಾಡಿ, ಸ್ಟೀರಾಯ್ಡ್ ವಿಷಯ ಯೋಚಿಸಿ ಫೋನ್ ಮಾಡಿ."

ಡಾಕ್ಟರ್ ಬಾಯಲ್ಲಿ "ನಮ್ಮಲ್ಲೇ ಒಮ್ಮತ ಇಲ್ಲ" ಅಂತ ನಾನು ಕೇಳಿದ್ದು ಅದೇ ಮೊದಲು. ಹೆದರಿಕೆ ಆಗಬೇಕಿತ್ತು. ಆದರೆ ಯಾಕೋ ಅವರ ಮೇಲೆ ನಂಬಿಕೆ ಜಾಸ್ತಿಯಾಯಿತು.

ಯಶವಂತಪುರದಲ್ಲಿ ರೈಲು ಹತ್ತಿದೆವು. 2017ರಲ್ಲಿ ಕುಣಿಗಲ್ ಲೈನು ಆದಮೇಲೆ ಹಾಸನದವರಿಗೆ ಬೆಂಗಳೂರು ಹತ್ತಿರ. ಅಪ್ಪ ಕಿಟಕಿ ಪಕ್ಕ, ನಾನು ಎದುರಿಗೆ. ಬೇಕರಿ ಆರ್ಡರ್ ಪುಸ್ತಕದ ಹಿಂಬದಿಯಲ್ಲಿ ನಡುವೆ ಒಂದು ಗೀಟು ಎಳೆದೆ. ಒಂದು ಕಡೆ ಬೇಕು, ಇನ್ನೊಂದು ಕಡೆ ಬೇಡ.

ಬೇಡದ ಕಡೆ ಬೇಗ ತುಂಬಿತು. ಸಕ್ಕರೆ, ಅಪ್ಪನಿಗೆ ಇದೆ, ನನಗೂ ಬರೋದು ಸುಲಭ. ಬಿಪಿ. ಮೂಳೆ ಟೊಳ್ಳಾಗೋದು, ಅದೂ ಮೊದಲ ತಿಂಗಳುಗಳಲ್ಲೇ ಜಾಸ್ತಿ. ಕಣ್ಣಿನ ಪೊರೆ. ಸೋಂಕು, ಅದರಲ್ಲೂ ಒಳಗೆ ಮಲಗಿರೋ ಟಿಬಿ ಏಳೋದು. ಮುಖ ಊದೋದು. ಇದನ್ನು ಬರೆಯುವಾಗ ನಾಚಿಕೆ ಆಯಿತು, ಆದರೂ ಬರೆದೆ. ಮನೆಯಲ್ಲಿ ಹೆಣ್ಣು ನೋಡೋ ಮಾತು ನಡೆದಿತ್ತು. ಕೊನೆಗೆ ದೊಡ್ಡಕ್ಷರದಲ್ಲಿ "ಬಿಡೋಕೆ ಆಗದಿದ್ದರೆ?" ಅಂತ ಬರೆದೆ. ನನ್ನ ಮುಂದೆ ಇನ್ನೂ ನಲವತ್ತು ವರ್ಷದ ಕೆಲಸ ಇದೆ. ಅರವತ್ತರಲ್ಲಿ ಶುರು ಮಾಡಿದವರಿಗೂ ಇಪ್ಪತ್ತಾರರಲ್ಲಿ ಶುರು ಮಾಡಿದವನಿಗೂ ಲೆಕ್ಕ ಒಂದೇ ಅಲ್ಲ.

ಬೇಕು ಅನ್ನೋ ಕಡೆ ಒಂದೇ ಸಾಲು. "ಮೂರೂವರೆ ಗಂಟೆ."

ಮೊಬೈಲಿನಲ್ಲಿ ಇದರ ಹಳೇ ಕತೆ ಓದುತ್ತಾ ಹೋದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಅನ್ನೋ ಡಾಕ್ಟರ್ 29 ವರ್ಷದ ಹೆಂಗಸಿಗೆ ಮೊದಲ ಸಲ ಕಾರ್ಟಿಸೋನ್ ಕೊಟ್ಟರಂತೆ. ಇದೇ ಕಾಯಿಲೆ. ಹಾಸಿಗೆಯಲ್ಲಿ ಹೊರಳೋಕೂ ಕಷ್ಟ ಇದ್ದವಳು ಕೆಲವೇ ದಿನದಲ್ಲಿ ಎದ್ದು ಪೇಟೆಗೆ ಹೋಗಿ ಸಾಮಾನು ಕೊಂಡಳಂತೆ. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಆಗ ಕೊಡುತ್ತಿದ್ದ ಡೋಸ್ ದಿನಕ್ಕೆ 100 ಮಿಲಿಗ್ರಾಂ ಕಾರ್ಟಿಸೋನ್, ಇವತ್ತಿನ ಲೆಕ್ಕದಲ್ಲಿ ಸುಮಾರು 20 ಮಿಲಿಗ್ರಾಂ ಪ್ರೆಡ್ನಿಸೋಲೋನ್. ಅಂಥ ಡೋಸನ್ನೇ ತಿಂಗಳುಗಟ್ಟಲೆ ಕೊಡುತ್ತಾ ಹೋದಮೇಲೆ ಅಡ್ಡಪರಿಣಾಮ ಒಂದೊಂದಾಗಿ ಹೊರಬಿತ್ತು. ಆ ಹೆಂಗಸಿನ ಪೇಟೆ ಸುತ್ತಾಟ ನನಗೆ ಚೆನ್ನಾಗಿ ಅರ್ಥವಾಯಿತು. ನನ್ನ ಪೊಟ್ಟಣದ ಬೆಳಿಗ್ಗೆಯೂ ಅದೇ ಅಲ್ವಾ?

ಶ್ರವಣಬೆಳಗೊಳ ದಾಟುವಾಗ ಅಪ್ಪ ಮಾತಾಡಿದರು. ಅವರು ಹೇಳಿದ್ದು ಭಟ್ಟಿ ವಿಷಯ. ನಮ್ಮದು ಸೌದೆ ಭಟ್ಟಿ. "ಭಟ್ಟಿ ಜಾಸ್ತಿ ಕಾದ್ರೆ ಏನ್ ಮಾಡ್ತೀಯ? ಸೌದೆ ಎಳೀತೀಯ. ಸೌದೆ ಎಳೆದ್ರೂ ಇಟ್ಟಿಗೆ ಕಾವು ಇಳಿಯೋಕೆ ಗಂಟೆಗಟ್ಲೆ ಬೇಕು. ಅಷ್ಟರಲ್ಲಿ ಒಳಗಿರೋ ಬನ್ನು ಸೀದೋಯ್ತದೆ. ಅದಕ್ಕೇ ಒದ್ದೆ ಗೋಣಿಚೀಲ ಒಳಗೆ ಒಂದು ಸುತ್ತು ಆಡಿಸ್ತೀವಿ. ಆದ್ರೆ ಸೌದೆ ಎಳೀದೆ ಬರೀ ಗೋಣಿ ಆಡಿಸ್ತಾ ಕೂತ್ರೆ?" ಅವರು ಓದಿರೋದು ಏಳನೇ ಕ್ಲಾಸು.

ಪೊಟ್ಟಣ ಅಂದರೆ ಬರೀ ಗೋಣಿ. ಮೇಡಂ ಹೇಳಿದ್ದು ಸೌದೆ ಎಳೆದು, ಜೊತೆಗೆ ಗೋಣಿ. ದೊಡ್ಡಮ್ಮನ ಕಾಲದಲ್ಲಿ ಸೌದೆ ಎಳೆಯೋರೇ ಇರಲಿಲ್ಲ. ಮನೆ ತಲುಪುವ ಹೊತ್ತಿಗೆ ನನ್ನ ಪ್ರಶ್ನೆ ಬದಲಾಗಿತ್ತು. ತಗೊಳ್ಳಲಾ ಬೇಡವಾ ಅನ್ನೋದು ಹಿಂದೆ ಸರಿದು, ಯಾವತ್ತು ನಿಲ್ಲಿಸ್ತೀನಿ ಅನ್ನೋದು ಮುಂದೆ ಬಂತು.

ಅಮ್ಮನಿಗೆ ಆಯುರ್ವೇದ ಮಾಡಿಸೋ ಆಸೆ ಇತ್ತು. ಅವರು ಆಮವಾತ ಅನ್ನೋ ಇಂಥದ್ದೇ ಕೀಲುನೋವಿಗೆ ಪಥ್ಯ ಮಾಡಿ ಹಗುರಾದವರು ನಮ್ಮ ಬೀದಿಯಲ್ಲೇ ಇದ್ದಾರೆ. ನಾನು ವಾದ ಮಾಡಲಿಲ್ಲ. ಬೆಂಗಳೂರಿನಲ್ಲಿ ತೆಗೆದ ಕೈ ಎಕ್ಸ್‌ರೇ ತೋರಿಸಿದೆ. ಎಡಗೈ ಮಣಿಕಟ್ಟಿನ ಹತ್ತಿರ ಮೂಳೆಯ ಅಂಚು ಇಲಿ ಕಚ್ಚಿದ ಹಾಗೆ ಒಂದು ಕಡೆ ತಿಂದುಹೋಗಿತ್ತು. ಅಮ್ಮ ಅದನ್ನು ಕಿಟಕಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

ಎರಡು ದಿನ ಬಿಟ್ಟು ಫೋನ್ ಮಾಡಿದೆ. "ಮೇಡಂ, ತಗೋತೀನಿ. ಆದ್ರೆ ನಿಲ್ಲಿಸೋ ತಾರೀಕು ಮೊದಲೇ ಬೇಕು." ಅವರು ಲೆಕ್ಕ ಹೇಳಿದರು. 10 ಮಿಲಿಗ್ರಾಂ ನಾಲ್ಕು ವಾರ, ಏಳೂವರೆ ಮೂರು ವಾರ, 5 ಮೂರು ವಾರ, ಎರಡೂವರೆ ಎರಡು ವಾರ, ಆಮೇಲೆ ಸೊನ್ನೆ. ಗೋಡೆಯ ಕ್ಯಾಲೆಂಡರಿನಲ್ಲಿ ಕೇಕಿನ ಆರ್ಡರ್ ಬರೆಯೋ ಜಾಗದಲ್ಲೇ ಕೆಂಪು ಪೆನ್ನಲ್ಲಿ ಬರೆದೆ. ಯಾವ ಕಾರಣಕ್ಕೂ ಒಮ್ಮೆಲೇ ನಿಲ್ಲಿಸಬಾರದು. ಕೆಲವು ವಾರ ಹೊರಗಿನಿಂದ ಬಂದರೆ ಮೈಯೊಳಗಿನ ಗ್ರಂಥಿ ತನ್ನ ಕೆಲಸ ಬಿಟ್ಟು ಕೂತಿರುತ್ತೆ, ಅದು ಎದ್ದೇಳೋಕೆ ಹೊತ್ತು ಬೇಕು. ಜ್ವರ ಬಂದರೆ ಫೋನ್ ಮಾಡಬೇಕು. ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ ಸ್ಟೀರಾಯ್ಡ್ ತಗೋತಿದ್ದೀನಿ ಅಂತ ಹೇಳಬೇಕು. ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗಿರಬೇಕು. ಶುರುವಿಗೆ ಮುಂಚೆ ಸಕ್ಕರೆ, ಲಿವರ್, ಹೆಪಟೈಟಿಸ್, ಎದೆ ಎಕ್ಸ್‌ರೇ ಎಲ್ಲಾ ಆಗಿತ್ತು.

"ಸಿಗರೇಟ್?" ಅಂತಲೂ ಕೇಳಿದ್ದರು. ದಿನಕ್ಕೆ ನಾಲ್ಕು ಅಂದಿದ್ದೆ. ಈ ಕಾಯಿಲೆಗೂ ಸಿಗರೇಟಿಗೂ ನಂಟಿದೆ ಅಂತ ಗೊತ್ತಾದಾಗ ಅಪ್ಪ ಪಕ್ಕದಲ್ಲೇ ಇದ್ದರು. ಆ ದಿನದ ಅತಿ ದೊಡ್ಡ ನೋವು ಕೀಲಿನದಲ್ಲ.

ಮಾತ್ರೆಯನ್ನು ಬೆಳಿಗ್ಗೆ ತಿಂಡಿ ಆದಮೇಲೆ ತಗೋಬೇಕು, ರಾತ್ರಿ ತಗೊಂಡರೆ ನಿದ್ದೆ ಬರಲ್ಲ ಅಂದಿದ್ದರು. ಬೇಕರಿಯವನ ಬೆಳಿಗ್ಗೆ ಯಾವುದು ಅಂತ ಕೇಳಿದೆ. "ನೀವು ಎದ್ದು ಹೊಟ್ಟೆಗೆ ಏನಾದ್ರೂ ಹಾಕ್ಕೊಳ್ಳೋದೇ ನಿಮ್ಮ ಬೆಳಿಗ್ಗೆ" ಅಂದರು. ಹಾಗಾಗಿ ಮೂರೂವರೆಗೆ ಎರಡು ಬನ್ನು, ಒಂದು ಲೋಟ ಹಾಲು, ಮಾತ್ರೆ.

ಮೂರನೇ ದಿನಕ್ಕೆ ಉಂಡೆ ಕಟ್ಟಿದೆ. ಪೊಟ್ಟಣದಷ್ಟು ಜಾದೂ ಅಲ್ಲ, ಆದರೆ ಸಾಕು.

ಹಸಿವಿನ ಬಗ್ಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಸ್ಟೀರಾಯ್ಡಿನ ಹಸಿವು ಬೇರೆ ಜಾತಿ. ಊಟ ಮುಗಿಸಿ ಕೈ ತೊಳೆಯುವಾಗಲೇ ಮತ್ತೆ ಹಸಿವು. ಅದರಲ್ಲೂ ನಾನಿರೋದು ಬೇಕರಿಯಲ್ಲಿ! ಬಿಸಿ ಪಫ್ ಟ್ರೇ ಹೊರಗೆ ಬಂದರೆ ನಾನು ಹೊರಗೆ ಹೋಗಿ ನಿಲ್ಲಬೇಕಿತ್ತು. ಅಪ್ಪ ಟ್ರೇ ಎಣಿಸೋಕೆ ಶುರು ಮಾಡಿದರು. ಅಜ್ಜಿ ಸೌತೆಕಾಯಿ, ಕಡ್ಲೆಕಾಳು ಉಸ್ಲಿ ಡಬ್ಬಿಗೆ ಹಾಕಿ ಕಳಿಸಿದರು. ಆರು ವಾರದಲ್ಲಿ ನಾಲ್ಕು ಕಿಲೋ ಏರಿದೆ. ಕೆನ್ನೆ ಉಬ್ಬಿತು. ಗಿರಾಕಿಗಳೆಲ್ಲ "ಈಗ ಮೈಕೈ ತುಂಬ್ಕೊಂಡು ಲಕ್ಷಣವಾಗಿದೀಯ" ಅನ್ನೋರು. ಸಕ್ಕರೆ ಗಡಿಯ ಹತ್ತಿರ ಬಂತು, ದಾಟಲಿಲ್ಲ.

ಮಧ್ಯೆ ಒಂದು ದಿನ ಎದೆ ಝಲ್ ಅಂತು. ವಾರಕ್ಕೊಮ್ಮೆಯ ಮೆಥೋಟ್ರೆಕ್ಸೇಟನ್ನು ಅಮ್ಮ ಗೊತ್ತಿಲ್ಲದೆ ದಿನದ ಮಾತ್ರೆ ಡಬ್ಬಿಗೆ ಹಾಕಿಬಿಟ್ಟಿದ್ದರು. ಬುಧವಾರ ತಗೊಂಡಿದ್ದೆ, ಗುರುವಾರ ಕೈಯಲ್ಲಿ ಮತ್ತೆ ಅದೇ ಮಾತ್ರೆ. ಬಾಯಿಗೆ ಹಾಕೋ ಮುಂಚೆ ಬಣ್ಣ ನೋಡಿ ನಿಲ್ಲಿಸಿದೆ. ಅದನ್ನು ದಿನಾ ತಿಂದರೆ ರಕ್ತಕಣ ತಯಾರಾಗೋದೇ ನಿಂತು ಜೀವಕ್ಕೇ ಬರುತ್ತೆ. ಗುರುವಾರದ್ದು ಅದರ ಅಡ್ಡಪರಿಣಾಮ ತಗ್ಗಿಸೋ ವಿಟಮಿನ್, ಫೋಲಿಕ್ ಆ್ಯಸಿಡ್ ಅಷ್ಟೇ. ಅವತ್ತಿನಿಂದ ಮೆಥೋಟ್ರೆಕ್ಸೇಟ್ ಸ್ಟ್ರಿಪ್ಪಿನ ಮೇಲೆ ಮಾರ್ಕರಿನಲ್ಲಿ "ಬುಧ" ಅಂತ ಬರೆದು ಬೇರೆ ಡಬ್ಬಿಯಲ್ಲಿ, ಬೇರೆ ಗೂಡಿನಲ್ಲಿ.

10ರಿಂದ ಏಳೂವರೆಗೆ ಇಳಿದಿದ್ದು ಗೊತ್ತೇ ಆಗಲಿಲ್ಲ. 5ಕ್ಕೂ ಪರವಾಗಿಲ್ಲ. ಎರಡೂವರೆಗೆ ಇಳಿದ ಐದನೇ ದಿನ ಮಣಿಕಟ್ಟು ಮತ್ತೆ ಊದಿತು. ನನ್ನ ಆಸೆಗಳಲ್ಲೆಲ್ಲ ಕೆಟ್ಟದ್ದು ಹುಟ್ಟಿದ್ದು ಆಗಲೇ. 5ರಲ್ಲೇ ಇದ್ದುಬಿಟ್ಟರೇನು? ಸಣ್ಣ ಮಾತ್ರೆ, ಕಾಫಿಗಿಂತ ಅಗ್ಗ, ಯಾರಿಗೆ ಗೊತ್ತಾಗುತ್ತೆ? ಮೆಡಿಕಲ್ ಸ್ಟೋರಿನವರು ಚೀಟಿಯನ್ನೂ ಕೇಳಲಿಲ್ಲ, ನಾನು ಒಂದು ಸ್ಟ್ರಿಪ್ ತಂದಿಟ್ಟುಕೊಂಡೂ ಇದ್ದೆ. ದೊಡ್ಡಮ್ಮ ಶುರು ಮಾಡಿದ್ದೂ ಇಲ್ಲಿಂದಲೇ ಇರಬೇಕು. ಯಾರೂ ಇಪ್ಪತ್ತು ವರ್ಷ ತಿನ್ನಬೇಕು ಅಂತ ಶುರು ಮಾಡಲ್ಲ.

ಫೋನ್ ಮಾಡಿದೆ. ಮೇಡಂ 5ಕ್ಕೆ ವಾಪಸ್ ಹೋಗಿ ಅಂದರು. ಆದರೆ ಅದರ ಜೊತೆಗೇ ಮೆಥೋಟ್ರೆಕ್ಸೇಟನ್ನು 15ರಿಂದ 20ಕ್ಕೆ ಏರಿಸಿದರು. "ಸ್ಟೀರಾಯ್ಡ್ ಬಿಡೋಕೆ ಆಗ್ತಿಲ್ಲ ಅಂದ್ರೆ ಸ್ಟೀರಾಯ್ಡ್ ಸಾಲ್ತಿಲ್ಲ ಅಂತಲ್ಲ. ಕೆಳಗಿನ ಔಷಧಿ ಸಾಲ್ತಿಲ್ಲ ಅಂತ." ಅಪ್ಪನಿಗೆ ಹೇಳಿದೆ. "ಸೌದೆ ಇನ್ನೂ ಐತೆ ಒಳಗೆ" ಅಂದರು.

ಹನ್ನೆರಡು ವಾರ ಅಂದಿದ್ದು ಹದಿನೇಳು ವಾರ ಆಯಿತು. ಮೂರು ತಿಂಗಳು ದಾಟಿತಲ್ಲ ಅಂತ ಮೂಳೆಯ ಬಗ್ಗೆಯೂ ವಿಚಾರಿಸಿದರು, ತೊಡೆಸಂದಿಯಲ್ಲಿ ನೋವು ಬಂದರೆ ಆವತ್ತೇ ಹೇಳಿ ಅಂದರು. ಜುಲೈ ಮೊದಲ ವಾರ ಕ್ಯಾಲೆಂಡರಿನಲ್ಲಿ ಸೊನ್ನೆ ಬರೆದೆ. ಒಂದು ವಾರ ಮೈಯೆಲ್ಲ ಒಂಥರಾ ಸುಸ್ತು. ಆಮೇಲೆ ಅದೂ ಹೋಯಿತು. ಕೆನ್ನೆ ಇಳಿಯೋಕೆ ಎರಡು ತಿಂಗಳು ಬೇಕಾಯಿತು. ಎಡ ಮಣಿಕಟ್ಟು ಪೂರ್ತಿ ಬಾಗಲ್ಲ, ಇನ್ನು ಬಾಗೋದೂ ಇಲ್ಲ. ಎರಡು ತಿಂಗಳಿಗೊಮ್ಮೆ ಲಿವರ್ ಮತ್ತು ರಕ್ತದ ಪರೀಕ್ಷೆ ನಡೀತಾ ಇದೆ. ಬಿಯರ್ ಬಿಟ್ಟಿದ್ದೀನಿ. ಸಿಗರೇಟ್ ಮುಕ್ಕಾಲು ಬಿಟ್ಟಿದ್ದೀನಿ, ಅದರ ಬಗ್ಗೆ ಜಾಸ್ತಿ ಕೇಳಬೇಡಿ.

ಈ ಸಲ ಹಾಸನಾಂಬೆ ಬಾಗಿಲು ತೆಗೆದ ನಾಲ್ಕನೇ ರಾತ್ರಿ ಬಲಗೈ ಬೆರಳು ಬಿಗಿಯತೊಡಗಿತು. ಹೊರಗೆ ಜನ ಜಾತ್ರೆ. ಭಟ್ಟಿ ಹುಡುಗ ನನ್ನ ಕೈ ನೋಡಿದ, ಜೇಬಿಗೆ ಕೈ ಹಾಕಿದ. "ಅಣ್ಣಾ, ಎರಡೇ ದಿನಕ್ಕೆ..." ಪೊಟ್ಟಣ ಅವನ ಹತ್ತಿರ ಯಾವಾಗಲೂ ಇರುತ್ತೆ, ಅವನ ಮೊಣಕಾಲಿಗೆ. ಅವನ ಚೀಟಿಯನ್ನೂ ಬೆಂಗಳೂರಿಗೆ ಬರೆಸಬೇಕು ಅಂತ ಮೂರು ತಿಂಗಳಿಂದ ಹೇಳುತ್ತಿದ್ದೀನಿ, ರಜ ಹಾಕಿದರೆ ಸಂಬಳ ಅನ್ನುತ್ತಾನೆ. ಸಂಬಳ ಹಿಡಿಯಲ್ಲ ಅಂತ ಅಪ್ಪ ಹೇಳಿದಮೇಲೂ ನಂಬಿಲ್ಲ.

ನಾನು ಏಪ್ರನ್ ಬಿಚ್ಚಿ ಅಪ್ಪನಿಗೆ ಕೊಟ್ಟು ಗಲ್ಲಾದಲ್ಲಿ ಕೂತೆ. ಅಪ್ಪ ಉಂಡೆ ಕಟ್ಟಿ ಎಂಟು ವರ್ಷ ಆಗಿತ್ತು. ಬನ್ನುಗಳೆಲ್ಲ ಸೊಟ್ಟಗೆ ಬಂದವು. ಬೆಳಿಗ್ಗೆ ಆರಕ್ಕೆ ಒಂದೂ ಉಳಿದಿರಲಿಲ್ಲ.